ಸ್ಕೋಮರ್‌ಗೆ ಹೊರಟ ಮಕ್ಕಳಿಗೆ

ಕಾರ್ಡಿಫ್, ಬ್ರಿಸ್ಟಲ್ ಕಡೆ ಓದಲು ಹೋಗಿರುವ ನಮ್ಮ ಮಕ್ಕಳೇ, ಪಫಿನ್ ಹಕ್ಕಿ ನೋಡಲು ವೇಲ್ಸ್‌ನ ಸ್ಕೋಮರ್ ದ್ವೀಪಕ್ಕೆ ಹೊರಟಿದ್ದೀರಂತೆ. ಖಂಡಿತ ಹೋಗಿ ಬನ್ನಿ. ಜುಲೈ ಮುಗಿಯುವುದರೊಳಗೆ ಹೋಗಿ. ಆಗಸ್ಟ್‌ ಹೊತ್ತಿಗೆ ಪಫಿನ್‌ಗಳು ಕಡಲಿಗೆ ಮರಳಿರುತ್ತವೆ.

ಒಂದು ಮಾತು ಮಾತ್ರ ನೆನಪಿರಲಿ. ಅಲ್ಲಿ ಹಕ್ಕಿಯ ಮನೆ ಮರದ ಮೇಲಿಲ್ಲ, ನಿಮ್ಮ ಕಾಲಡಿಯಲ್ಲಿದೆ. ಪಫಿನ್ ನೆಲದೊಳಗಿನ ಬಿಲದಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿರುವುದು ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿ, ಸುಮಾರು 3.5 ಲಕ್ಷ ಜೋಡಿ. ಹಗಲಲ್ಲಿ ಒಂದೂ ನಿಮ್ಮ ಕಣ್ಣಿಗೆ ಬೀಳದಿರಬಹುದು. ಜೋಡಿಯಲ್ಲಿ ಒಂದು ಬಿಲದೊಳಗೆ ಕಾವು ಕೂತಿದ್ದರೆ ಇನ್ನೊಂದು ಕಡಲಲ್ಲಿರುತ್ತದೆ, ಕತ್ತಲಾದ ಮೇಲೆಯೇ ಬರುತ್ತದೆ. ಅದರ ಕಾಲುಗಳು ತೀರಾ ಹಿಂದಕ್ಕಿವೆ, ನೆಲದ ಮೇಲೆ ಸರಿಯಾಗಿ ನಡೆಯಲಾರದು. ಗಲ್ ಹಕ್ಕಿಗೆ ಸಿಕ್ಕರೆ ಮುಗಿಯಿತು. ಹಾದಿ ಪಕ್ಕದಲ್ಲಿ ಬರೀ ರೆಕ್ಕೆಗಳು ಉಳಿದ ದೇಹಗಳನ್ನು ನೀವೂ ಕಾಣುವಿರಿ. ಮುಟ್ಟಬೇಡಿ, ಹಕ್ಕಿಜ್ವರದ ಭಯವಿದೆ.

ಹಾಗಾಗಿ ಹುಲ್ಲು ಎಷ್ಟೇ ಖಾಲಿ ಕಂಡರೂ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ. ಚೀಲ, ಕ್ಯಾಮೆರಾ ಸ್ಟ್ಯಾಂಡ್ ಕೂಡ ದಾರಿಯೊಳಗೇ ಇರಲಿ. ಬಿಲ ಕುಸಿದರೆ ಆ ಜೋಡಿಗೆ ಆ ವರ್ಷ ಮರಿಯಿಲ್ಲ. ವರ್ಷಕ್ಕೆ ಇಡುವುದೇ ಒಂದು ಮೊಟ್ಟೆ.

ವಿಕ್ ಎಂಬಲ್ಲಿ ಪಫಿನ್‌ಗಳು ಹಾದಿಯನ್ನೇ ದಾಟಿ ಓಡಾಡುತ್ತವೆ. ಕೊಕ್ಕಿನಲ್ಲಿ ಅಡ್ಡಡ್ಡ ಜೋಡಿಸಿದ ಮೀನು ಹಿಡಿದ ಹಕ್ಕಿಯೊಂದು ದಾರಿಯಂಚಿನಲ್ಲಿ ನಿಂತು ಅತ್ತಿತ್ತ ನೋಡುತ್ತಿದ್ದರೆ, ಅದು ನಿಮ್ಮ ಫೋಟೋಕ್ಕಾಗಿ ನಿಂತದ್ದಲ್ಲ. ಅದರ ಬಿಲದ ದಾರಿಗೆ ನೀವು ಅಡ್ಡ ನಿಂತಿದ್ದೀರಿ. ಅದು ತಡವಾದಷ್ಟೂ ಗಲ್‌ಗಳಿಗೆ ಮೀನು ಕಿತ್ತುಕೊಳ್ಳಲು ಸಮಯ ಸಿಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ನಿಮ್ಮ ಬೂಟಿನ ಪಕ್ಕದಲ್ಲೇ ಓಡಿ ಬಿಲ ಸೇರುತ್ತದೆ.

ದೋಣಿ ಹತ್ತುವ ಮುಂಚೆ ಬೂಟು ತೊಳೆಯಿರಿ, ಚೀಲವನ್ನು ಪೂರ್ತಿ ಬಿಚ್ಚಿ ನೋಡಿ. ಇದನ್ನು ಹಲವರು ಹಗುರವಾಗಿ ಕಾಣುತ್ತಾರೆ, ನನಗೆ ಬೇಸರವಾಗುತ್ತದೆ. ಸ್ಕೋಮರ್‌ನಲ್ಲಿ ಇಲಿಯಿಲ್ಲ, ಅಷ್ಟೊಂದು ಹಕ್ಕಿ ಉಳಿದಿರುವುದಕ್ಕೆ ಅದೂ ಒಂದು ಕಾರಣ. ದಕ್ಷಿಣಕ್ಕಿರುವ ಲಂಡಿ ದ್ವೀಪದಲ್ಲಿ ಇಲಿಗಳು ಮೊಟ್ಟೆ, ಮರಿ ತಿಂದು ಶಿಯರ್‌ವಾಟರ್ ಕೆಲವು ನೂರು ಜೋಡಿಗೆ ಇಳಿದಿತ್ತು. 2002ರಿಂದ ಇಲಿ ನಿರ್ಮೂಲನೆ ಕೈಗೊಂಡ ಮೇಲೆ 5,000 ಜೋಡಿ ದಾಟಿತು. ಬಸುರಿ ಇಲಿಯೊಂದು ಊಟದ ಚೀಲದಲ್ಲಿ ಸೇರಿಕೊಂಡು ಹೋದರೂ ಅನಾಹುತವೇ.

ಉತ್ತರದ ಗಾಳಿ ಜೋರಾದ ದಿನ ದೋಣಿ ಬಿಡುವುದಿಲ್ಲ. ದೋಣಿಯವರ ಜತೆ ವಾದಕ್ಕಿಳಿಯದೆ ಇನ್ನೊಂದು ದಿನಕ್ಕೆ ಟಿಕೆಟ್ ಕೇಳಿ.