ಶುಭಾಶಯ ಪತ್ರದಲ್ಲಿ ನಮ್ಮೂರು

ಹೊಸ ವರ್ಷವೋ ದೀಪಾವಳಿಯೋ ಸಮೀಪಿಸಿತೆಂದರೆ ಪುಸ್ತಕದಂಗಡಿಯ ಮುಂದೆ ಹಗ್ಗ ಕಟ್ಟಿ ಶುಭಾಶಯ ಪತ್ರಗಳನ್ನು ತೂಗುಹಾಕುತ್ತಿದ್ದ ಕಾಲವೊಂದಿದ್ದಿತು. ಅವುಗಳಲ್ಲಿ ಎಷ್ಟೋ ಪತ್ರಗಳ ಮೇಲೆ ಹಿಮ ಮುಸುಕಿದ ಮನೆ, ಹೊಗೆಗೂಡು, ಸೂಚಿಪರ್ಣದ ಮರ, ಇವೇ ಚಿತ್ರಗಳು. ಹಿಮವನ್ನೇ ಕಾಣದ ಬಯಲುಸೀಮೆಯವನೊಬ್ಬನು ಅದನ್ನು ಕಾಣದ ಇನ್ನೊಬ್ಬ ಬಯಲುಸೀಮೆಯವನಿಗೆ ಆ ಚಿತ್ರವನ್ನು ಕಳುಹಿಸಿ ಹಾರೈಸುತ್ತಿದ್ದನು. ಚಿತ್ರಗಳು ಅಂದವಾಗಿರಲಿಲ್ಲವೆಂದು ನಾನು ಹೇಳಲಾರೆ. ಕಳುಹಿಸಿದವನ ಊರಾಗಲಿ ಪಡೆದವನ ಊರಾಗಲಿ ಅವುಗಳಲ್ಲಿ ಇರಲಿಲ್ಲವೆಂಬುದಷ್ಟೇ ನನ್ನ ಆಕ್ಷೇಪಣೆ. ಇಂದು ಹಾರೈಕೆಗಳೆಲ್ಲ ಮೊಬೈಲಿನಲ್ಲಿ ಹರಿದಾಡುತ್ತಿರುವಾಗಲೂ ಆ ಕೊರತೆ ನೀಗಿಲ್ಲ.

ಈ ಪದ್ಧತಿಯ ಮೂಲವನ್ನು ಸ್ವಲ್ಪ ನೋಡೋಣ. ಕ್ರಿಸ್‌ಮಸ್ ಹಬ್ಬಕ್ಕೆಂದು ಅಚ್ಚಾಗಿ ಮಾರಾಟಕ್ಕೆ ಬಂದ ಮೊದಲ ಶುಭಾಶಯ ಪತ್ರ 1843ರದು. ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಕಾಗದವನ್ನು ಸಾಗಿಸುವ ಅಂಚೆಯ ಏರ್ಪಾಡು 1840ರಲ್ಲಿ ಬಂದಿದ್ದಿತು. ಆ ಏರ್ಪಾಡಿಗಾಗಿ ದುಡಿದವರಲ್ಲಿ ಒಬ್ಬನಾದ ಹೆನ್ರಿ ಕೋಲ್, ಬಂಧುಮಿತ್ರರಿಗೆಲ್ಲ ಕೈಯಾರೆ ಬರೆಯಲು ವೇಳೆ ಸಾಲದೆ, ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರವನ್ನು ಬರೆಯಿಸಿ ಅಚ್ಚುಹಾಕಿಸಿದನು. ಬೆಲೆ ಒಂದು ಷಿಲಿಂಗ್. ನಡುವೆ ಊಟದ ಮೇಜಿನ ಸುತ್ತ ಒಂದು ಕುಟುಂಬ, ಎರಡು ಪಕ್ಕಗಳಲ್ಲಿ ಬಡವರಿಗೆ ಅನ್ನವಸ್ತ್ರ ಕೊಡುವ ನೋಟ. ಮಗುವಿನ ಬಾಯಿಗೂ ದ್ರಾಕ್ಷಾರಸದ ಬಟ್ಟಲು ಹಿಡಿದಿರುವುದನ್ನು ಕಂಡು ಪಾನವಿರೋಧಿಗಳು ಕೆರಳಿದರಂತೆ! ಹಿಮದ ಚಿತ್ರಗಳು ತರುವಾಯ ಬಂದವು. ಆ ನಾಡಿನವರಿಗೆ ಅವು ಮನೆಯ ಹೊರಗಿನ ನೋಟವೇ ಆಗಿದ್ದುದರಿಂದ ಅವರಿಗೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ವಿಚಿತ್ರವೆಂದರೆ, ಭಾರತದಲ್ಲಿ 1879ರಷ್ಟು ಹಿಂದೆಯೇ ಕಾಲಾಣೆಯ ಅಂಚೆ ಕಾರ್ಡು ಬಂದು, ಹಳ್ಳಿಹಳ್ಳಿಗೂ ಅದು ತಲುಪಿದರೂ, ಹಬ್ಬದ ಚಿತ್ರಕ್ಕೆ ಮಾತ್ರ ನಾವು ಅವರ ಚಳಿಗಾಲವನ್ನು ಎರವು ತಂದುದು.

ಇದಕ್ಕೆ ವ್ಯತಿರಿಕ್ತವಾದ ಎರಡು ನಿದರ್ಶನಗಳಿವೆ. ಮೊದಲನೆಯದು ಒಬ್ಬ ಬಾಲಕಿಯದು. ಎರಡನೆಯ ಮಹಾಯುದ್ಧದ ತರುವಾಯ ಚೆಕೊಸ್ಲೊವಾಕಿಯದ ರುಡೋಲ್ಫೋ ಎಂಬ ಸಣ್ಣ ಊರಿಗೆ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ನೆರವು ನೀಡಿತು. ಅಲ್ಲಿಯ ಏಳು ವರ್ಷದ ಜಿತ್ಕಾ ಸಾಮ್ಕೋವಾ ಕೃತಜ್ಞತೆಗಾಗಿ ಒಂದು ಚಿತ್ರ ಬರೆದಳು. ಕಾಗದ ಸಿಕ್ಕದ ದಿನಗಳಾದುದರಿಂದ ಗಾಜಿನ ಮೇಲೆ ಬರೆದಳು. ವಸಂತಕಾಲದಲ್ಲಿ ಊರಿನ ಬಯಲಲ್ಲಿ ನೆಟ್ಟು ಸಿಂಗರಿಸುವ ಎತ್ತರದ ಕಂಬ, ಅದರ ಸುತ್ತ ಕುಣಿಯುವ ಮಕ್ಕಳು, ಇಷ್ಟೇ ಅದರ ವಸ್ತು. 1949ರಲ್ಲಿ ಯುನಿಸೆಫ್ ಹೊರಡಿಸಿದ ಮೊದಲ ಶುಭಾಶಯ ಪತ್ರ ಅದೇ. ಲೋಕಕ್ಕೆಲ್ಲ ಹಿಡಿಸುವ ಚಿತ್ರ ಬರೆಯಬೇಕೆಂದು ಆ ಮಗು ಲೋಕವನ್ನೆಲ್ಲ ಯೋಚಿಸಲಿಲ್ಲ. ತನ್ನೂರಿನ ಕಂಬವನ್ನು ಬರೆಯಿತು.

ಎರಡನೆಯದು ಶಾಂತಿನಿಕೇತನದ ನಂದಲಾಲ್ ಬಸು ಅವರದು. ಕಲಾಭವನದ ಆಚಾರ್ಯರಾಗಿದ್ದ ಅವರು ಹೋದಲ್ಲೆಲ್ಲ ಕಾರ್ಡುಗಳ ಮೇಲೆ ಚಿತ್ರ ಬರೆದು ಶಿಷ್ಯರಿಗೂ ಸ್ನೇಹಿತರಿಗೂ ಅಂಚೆಯಲ್ಲಿ ಕಳುಹಿಸುತ್ತಿದ್ದರು. ತಾಳೆಮರ, ಹುಲ್ಲು ಹೊದಿಸಿದ ಗುಡಿಸಲು, ಎತ್ತಿನ ಗಾಡಿ, ಕೆಂಪು ನೆಲದ ಬಯಲು, ನಾಲ್ಕಾರು ಕುಂಚದೆಳೆಗಳಲ್ಲಿ ಇವೆಲ್ಲ ಮುಗಿದಿರುತ್ತಿದ್ದವು. 1930ರಲ್ಲಿ ರವೀಂದ್ರರ ‘ಸಹಜ ಪಾಠ’ವೆಂಬ ಮಕ್ಕಳ ಪುಸ್ತಕಕ್ಕೆ ಅವರು ಲಿನೋ ಅಚ್ಚಿನ ಚಿತ್ರಗಳನ್ನು ಮಾಡಿಕೊಟ್ಟರು. ಅವನೀಂದ್ರನಾಥರಲ್ಲಿ ಅವರಂತೆಯೇ ಕಲಿತ ನಮ್ಮ ಕೆ. ವೆಂಕಟಪ್ಪನವರ ಉದಕಮಂಡಲದ ಜಲವರ್ಣಗಳನ್ನೂ, ಬೆಂಗಳೂರಿನ ಬೀದಿಗಳ ಹೂಮರಗಳನ್ನು ಬರೆದ ರುಮಾಲೆ ಚೆನ್ನಬಸವಯ್ಯನವರ ಚಿತ್ರಗಳನ್ನೂ ನೋಡಿದವರಿಗೆ, ನಮ್ಮ ನೆಲದ ಬೆಳಕಿಗೆ ಎರವಲು ಬಣ್ಣ ಬೇಕಿಲ್ಲವೆಂಬುದು ಸುಲಭವಾಗಿ ಮನದಟ್ಟಾಗುತ್ತದೆ.

ಇನ್ನು ವಿದ್ಯಾರ್ಥಿ ಮಿತ್ರರು ಕೈಯಾರೆ ಮಾಡಬಹುದಾದುದೇನು? ಮೊದಲನೆಯದಾಗಿ ವಸ್ತುವಿನ ಆಯ್ಕೆ. ‘ಸುಂದರವಾದ ನೋಟ’ವನ್ನು ಹುಡುಕುತ್ತ ಹೊರಟವನಿಗೆ ಕ್ಯಾಲೆಂಡರಿನ ಚಿತ್ರವೇ ಸಿಕ್ಕುವುದು. ಊರಿನ ಕುರುಹು ಯಾವುದೆಂದು ತಿಳಿಯಬೇಕಾದರೆ, ಹೊಸಬನಿಗೆ ದಾರಿ ಹೇಳುವವರ ಮಾತನ್ನು ಕೇಳಬೇಕು. ‘ಅರಳಿಕಟ್ಟೆ ದಾಟಿ’, ‘ವೀರಗಲ್ಲಿನ ಹತ್ತಿರ ಎಡಕ್ಕೆ’, ‘ಕೆರೆ ಏರಿಯ ಮೇಲೆ ತೂಬಿನವರೆಗೆ’, ‘ಅಗಸೆಬಾಗಿಲ ಒಳಗೆ’, ಹೀಗೆ ಜನರ ಬಾಯಲ್ಲಿ ನಿಂತದ್ದೇ ಕುರುಹು. ಅದನ್ನೇ ಬರೆಯಬೇಕು. ಎರಡನೆಯದು ಅಳತೆ. ಅಂಚೆ ಕಾರ್ಡು 14 ಸೆಂಟಿಮೀಟರು ಉದ್ದ, 9 ಸೆಂಟಿಮೀಟರು ಅಗಲ. ದೊಡ್ಡ ಚಿತ್ರವೊಂದನ್ನು ಕುಗ್ಗಿಸಿ ಅಷ್ಟರಲ್ಲಿ ತುರುಕಿದರೆ ಎಲೆಗಳೆಲ್ಲ ಕೂಡಿ ಮಸಿಯ ಮುದ್ದೆಯಾಗುತ್ತವೆ. ಆದುದರಿಂದ ಮೊದಲೇ ಕಾರ್ಡಿನಷ್ಟು ಚೌಕವನ್ನು ಗೀಚಿಕೊಂಡು, ಒಂದು ಕುರುಹು, ಒಂದು ನೆಲದ ರೇಖೆ, ಹೆಚ್ಚೆಂದರೆ ಒಬ್ಬ ಮನುಷ್ಯ, ಇಷ್ಟಕ್ಕೆ ತೃಪ್ತರಾಗಬೇಕು.

ಹಲವು ಪ್ರತಿಗಳು ಬೇಕಾದರೆ ಲಿನೋ ಅಚ್ಚು ಅಗ್ಗವಾದುದು. ಲಿನೋಲಿಯಂ ತುಂಡೊಂದರ ಮೇಲೆ ಚಿತ್ರ ಬರೆದು, ಬಿಳಿಯಾಗಿ ಕಾಣಬೇಕಾದ ಭಾಗವನ್ನು ಸಣ್ಣ ಉಳಿಯಿಂದ ಕೆತ್ತಿ ತೆಗೆದು, ಉಳಿದ ಭಾಗಕ್ಕೆ ಅಚ್ಚಿನ ಮಸಿಯನ್ನು ರೋಲರಿನಿಂದ ಸವರಿ, ಕಾಗದವನ್ನಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಸಾಕು, ಯಂತ್ರವೂ ಬೇಡ. ಆದರೆ ಒಂದು ಎಚ್ಚರಿಕೆ: ಅಚ್ಚಿನಲ್ಲಿ ಎಡಬಲಗಳು ಅದಲುಬದಲಾಗುತ್ತವೆ. ಚಿತ್ರವನ್ನು ತಿರುವುಮುರುವಾಗಿ ಬರೆದುಕೊಂಡೇ ಕೆತ್ತಬೇಕು.

ಈ ಎಚ್ಚರಿಕೆಯನ್ನು ನಾನು ಕಲಿತುದು ಪೆಟ್ಟು ತಿಂದು. ಮೊದಲ ಸಲ ನಮ್ಮೂರ ಕೆರೆ, ಹನುಮಂತನ ಗುಡಿ, ಎದುರಿನ ಹುಣಿಸೆಮರ ಇವನ್ನು ನೇರವಾಗಿಯೇ ಕೆತ್ತಿ, ಯುಗಾದಿಗೆ ಮುಂಬಯಿಯ ಚಿಕ್ಕಪ್ಪನಿಗೆ ಕಳುಹಿಸಿದೆನು. ಮರುಟಪಾಲಿಗೆ ಉತ್ತರ ಬಂದಿತು: ‘ನಿನ್ನ ಕಾರ್ಡು ಚೆನ್ನಾಗಿದೆ ಕಣಯ್ಯ. ಕೆರೆ ಗುಡಿಯ ಎಡಕ್ಕೆ ಹೋದದ್ದು ಯಾವಾಗ? ಬಟ್ಟೆ ಒಗೆಯುವ ಬಂಡೆ ಎಲ್ಲಿ?’ ಊರು ಬಿಟ್ಟು ಮೂವತ್ತು ವರ್ಷಗಳಾಗಿದ್ದರೂ ಅವರಿಗೆ ಬಂಡೆ ನೆನಪಿದ್ದಿತು. ದಿನವೂ ಅದರ ಪಕ್ಕದಲ್ಲೇ ಓಡಾಡುವ ನಾನು ಅದನ್ನು ಬಿಟ್ಟಿದ್ದೆನು. ಮುಂದಿನ ಯುಗಾದಿಗೆ ಬೇರೆ ತುಂಡು ಕೆತ್ತಿದೆನು. ಕೆರೆ ಬಲಕ್ಕೆ ಬಂದಿತು, ಬಂಡೆಯೂ ಕೂಡಿತು.

ಆಮೇಲೆ ರಸ್ತೆ ಅಗಲ ಮಾಡುವಾಗ ಹುಣಿಸೆಮರವನ್ನು ಕಡಿದರು. ಆದರೆ ಚಿಕ್ಕಪ್ಪನವರು ಮುಂಬಯಿಯಿಂದ ಯಾರನ್ನಾದರೂ ನಮ್ಮೂರಿಗೆ ಕಳುಹಿಸುವಾಗ ಇಂದಿಗೂ ಆ ಕಾರ್ಡನ್ನು ತೋರಿಸಿಯೇ ದಾರಿ ಹೇಳುತ್ತಾರೆ. ಬಂದವರು ಬಸ್ಸಿಳಿದು, ಗುಡಿಯ ಎದುರಿಗೆ ನಿಂತು, ಮರವೆಲ್ಲಿ ಎಂದು ವಿಚಾರಿಸುತ್ತಾರೆ.