ಹಳೆಯ ಟ್ರ್ಯಾಕ್ಟರ್, ಲಾರಿಗಳಲ್ಲಿ ಸೋರಿಕೆ ಮತ್ತು ಎಂಜಿನ್ ಕುದಿತ: ಮನೆಯಲ್ಲಿಯೇ ಪರಿಹಾರ



ಮುಂಗಾರು ಬಿತ್ತನೆಗೆ ಭೂಮಿಯ ಹದ ಕೆಲವೇ ದಿನ ಇರುತ್ತದೆ. ಆ ದಿನಗಳಲ್ಲಿಯೇ ಟ್ರ್ಯಾಕ್ಟರ್ ಕುದಿದು ನಿಂತರೆ ಆಗುವ ನಷ್ಟ ರಿಪೇರಿ ಖರ್ಚಿಗಿಂತ ಹೆಚ್ಚು. ಫಸಲು ಹೊತ್ತು ಮಾರುಕಟ್ಟೆಗೆ ಹೊರಟ ಹಳೆಯ ಲಾರಿಯ ವಿಚಾರವೂ ಅಷ್ಟೆ. ಬೇಸಾಯ ಶಾಸ್ತ್ರದವನಾದ ನಾನು ಎಂಜಿನ್ನಿನ ಬಗ್ಗೆ ಬರೆಯಲು ಇದೇ ಕಾರಣ.

ಅನೇಕರು ಪ್ರತಿದಿನ ಬೆಳಿಗ್ಗೆ ರೇಡಿಯೇಟರಿಗೆ ಒಂದಿಷ್ಟು ನೀರು ಸುರಿದು ಕೆಲಸ ಸಾಗಿಸುತ್ತಾರೆ. ಇದು ದುರಸ್ತಿಯಲ್ಲ, ಎಲೆ ಹಳದಿಯಾಯಿತೆಂದು ಕಾರಣ ನೋಡದೆ ಯೂರಿಯಾ ಹಾಕಿದಂತೆ. ಕೊಳವೆ ಬಾವಿಯ ಗಡಸು ನೀರನ್ನು ಮತ್ತೆ ಮತ್ತೆ ತುಂಬಿದಷ್ಟೂ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಈ ಪದರವು ಶಾಖವನ್ನು ಹೊರಬಿಡದ ಕಾರಣ ಎಂಜಿನ್ ಇನ್ನೂ ಬೇಗ ಕುದಿಯುತ್ತದೆ. ಆದ್ದರಿಂದ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು.

ಸೋರಿಕೆ ಪತ್ತೆ ಮಾಡುವ ವಿಧಾನ

ಎಂಜಿನ್ನಿನ ಹೊರಮೈಯ ಧೂಳು, ಜಿಡ್ಡನ್ನು ಒರೆಸಿ ಸ್ವಚ್ಛಗೊಳಿಸಿ. ರಾತ್ರಿ ವಾಹನದ ಕೆಳಗೆ ಬಿಳಿಯ ರಟ್ಟು ಹಾಸಿರಿ. ಬೆಳಿಗ್ಗೆ ಕಲೆಯ ಬಣ್ಣ ಮತ್ತು ಜಾಗ ನೋಡಿರಿ.

1. ಮುಂಭಾಗದಲ್ಲಿ ನೀರು ಅಥವಾ ಬಣ್ಣದ ಕೂಲೆಂಟ್ ಇದ್ದರೆ ರೇಡಿಯೇಟರ್, ರಬ್ಬರ್ ಹೋಸ್ ಇಲ್ಲವೇ ಕ್ಲಿಪ್ಪುಗಳನ್ನು ಪರೀಕ್ಷಿಸಿ. ಬಿರುಕು ಬಿಟ್ಟ, ಮೆತ್ತಗಾದ ಹೋಸನ್ನು ಬದಲಿಸಬೇಕು.

2. ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕಿದರೆ ಒಳಗಿನ ಸೀಲು ಸವೆದಿದೆ ಎಂದರ್ಥ. ಆ ರಂಧ್ರವನ್ನು ಎಂದಿಗೂ ಮುಚ್ಚಬಾರದು.

3. ಕಪ್ಪು ಅಥವಾ ಕಂದು ಕಲೆ ಎಂಜಿನ್ ಆಯಿಲಿನದು. ಸೀಲು, ಪ್ಯಾಕಿಂಗ್ ಬದಲಿಸುವ ಮೊದಲು ಬ್ರೀದರನ್ನು ಬಿಚ್ಚಿ ತೊಳೆಯಿರಿ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡವು ಒಳ್ಳೆಯ ಸೀಲಿನಿಂದಲೂ ಆಯಿಲನ್ನು ಹೊರದೂಡುತ್ತದೆ.

4. ಲಾರಿಯ ಚಕ್ರದ ಬಳಿ ಬ್ರೇಕ್ ಆಯಿಲ್ ಕಂಡುಬಂದರೆ, ಸರಿಪಡಿಸುವವರೆಗೆ ಲಾರಿಯನ್ನು ಓಡಿಸಬೇಡಿ.

ಸೋರಿಕೆ ಇಲ್ಲದೆಯೂ ಕುದಿಯುತ್ತಿದ್ದರೆ

ರಾಗಿ, ಭತ್ತದ ಒಕ್ಕಣೆಯ ಹೊಟ್ಟು ರೇಡಿಯೇಟರಿನ ಸಂದುಗಳಲ್ಲಿ ತುಂಬಿಕೊಂಡರೆ ಗಾಳಿ ಆಡುವುದಿಲ್ಲ. ಎಂಜಿನ್ ಆರಿದ ಮೇಲೆ ಫ್ಯಾನಿನ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ಹೊಟ್ಟನ್ನು ಹೊರಗೆ ತಳ್ಳಿರಿ.

ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿರಿ. ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಅಂಗುಲ ಬಾಗಬೇಕು. ನಿಮ್ಮ ವಾಹನದ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ.

ಥರ್ಮೋಸ್ಟಾಟನ್ನು ತೆಗೆದು, ಪಾತ್ರೆಯ ನೀರಿನಲ್ಲಿ ದಾರದಿಂದ ಇಳಿಬಿಟ್ಟು ಕಾಯಿಸಿರಿ. ಬಹುತೇಕ ಥರ್ಮೋಸ್ಟಾಟುಗಳು ಸುಮಾರು 80 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ತೆರೆಯಲಾರಂಭಿಸುತ್ತವೆ. ನೀರು ಮರಳಿದರೂ ತೆರೆಯದಿದ್ದರೆ ಹೊಸದನ್ನು ಹಾಕಬೇಕು. ಕೆಲವರು ಅದನ್ನು ಕಿತ್ತುಹಾಕಿ ಹಾಗೆಯೇ ಓಡಿಸುತ್ತಾರೆ. ಆಗ ಎಂಜಿನ್ ತಕ್ಕಷ್ಟು ಕಾಯದೆ ಡೀಸೆಲ್ ಹೆಚ್ಚು ಖರ್ಚಾಗಿ, ಸವೆತವೂ ಹೆಚ್ಚುತ್ತದೆ.

ದಾರಿಯಲ್ಲಿ ರೇಡಿಯೇಟರ್ ಸೋರಿದಾಗ ಅರಿಸಿನ ಪುಡಿ ಹಾಕುವ ರೂಢಿ ಚಾಲಕರಲ್ಲಿದೆ. ಸಣ್ಣ ತೂತಾದರೆ ಮನೆ ಮುಟ್ಟುವವರೆಗೆ ಅದು ತಡೆದೀತು. ಆದರೆ ಪುಡಿಯು ಸಣ್ಣ ಕೊಳವೆಗಳಲ್ಲಿಯೂ ಕಟ್ಟಿಕೊಳ್ಳುತ್ತದೆ. ಮನೆಗೆ ಬಂದೊಡನೆ ನೀರು ಬಸಿದು, ತೊಳೆದು, ತೂತಿಗೆ ಬೆಸುಗೆ ಹಾಕಿಸಿ.

ಎಚ್ಚರಿಕೆಗಳು

* ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒತ್ತಡದಲ್ಲಿರುವ ನೀರು ಚಿಮ್ಮಿ ಮುಖ, ಕೈ ಸುಡುತ್ತದೆ. ಮೇಲಿನ ಹೋಸನ್ನು ಮುಟ್ಟಿ, ಪೂರ್ತಿ ಆರಿದೆ ಎಂದು ಖಚಿತವಾದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ.
* ಕುದಿದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಆರುವವರೆಗೆ ಕಾಯಿರಿ.
* ಅಳತೆ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದರಲ್ಲಿ ನೀರು ಸೇರಿದೆ. ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಇವೆರಡೂ ಮನೆಯ ರಿಪೇರಿಗಳಲ್ಲ. ಎಂಜಿನ್ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಸಿ.
* ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಬಸಿದ ಕೂಲೆಂಟನ್ನು ಮಕ್ಕಳು, ದನಕರು, ನಾಯಿಗಳಿಗೆ ಸಿಗುವಂತೆ ಇಡಬಾರದು. ಬಾವಿ, ಕಾಲುವೆಯ ಬಳಿ ಚೆಲ್ಲಬಾರದು.

ಎಲ್ಲ ಸರಿಪಡಿಸಿದ ಮೇಲೆ ರೇಡಿಯೇಟರಿಗೆ ತಯಾರಕರು ಸೂಚಿಸಿದ ಕೂಲೆಂಟನ್ನು ಸೂಚಿಸಿದ ಪ್ರಮಾಣದಲ್ಲಿ ಹಾಕಿರಿ. ಅದರೊಡನೆ ಬೆರೆಸಲು ಬಟ್ಟಿ ಇಳಿಸಿದ ನೀರು ಉತ್ತಮ. ಅದು ಸಿಗದಿದ್ದಲ್ಲಿ, ಶುಚಿಯಾಗಿ ಹಿಡಿದು ಸೋಸಿದ ಮಳೆ ನೀರು ಕೊಳವೆ ಬಾವಿಯ ನೀರಿಗಿಂತ ಎಷ್ಟೋ ಮೇಲು.

ಮಾಗಿ ಉಳುಮೆಗೂ ಮೊದಲು ಬಿಡುವಿನ ಒಂದು ದಿನವನ್ನು ಈ ಪರೀಕ್ಷೆಗೆ ಮೀಸಲಿಡಿ. ಬೀಜ, ಗೊಬ್ಬರದಂತೆ ಎಂಜಿನ್ನನ್ನೂ ಮಳೆಗೆ ಮುನ್ನವೇ ಸಿದ್ಧಗೊಳಿಸಿಕೊಂಡರೆ, ಹದ ಬಂದ ದಿನ ಬಿತ್ತನೆ ನಿಲ್ಲುವುದಿಲ್ಲ.