ತಂತಿಯ ಹೊರಮೈ

2004ರ ಡಿಸೆಂಬರ್ 26ರಂದು ಸುನಾಮಿಯ ಅಲೆಗಳು ಅಂಡಮಾನ್ ದ್ವೀಪಗಳಿಗೆ ಅಪ್ಪಳಿಸಿ ದೂರವಾಣಿಗಳು ಮೂಕವಾದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿ ರೇಡಿಯೋ ತಂಡವೊಂದು ಅಲ್ಲಿನ ಸುದ್ದಿಯನ್ನು ಮುಖ್ಯ ಭೂಭಾಗಕ್ಕೆ ಮುಟ್ಟಿಸಿತು. ಇಂತಹ ವೇಳೆಯಲ್ಲಿ ಬ್ಯಾಟರಿಯ ಅಲ್ಪ ಶಕ್ತಿಯೇ ಆಧಾರವಾಗಬಹುದು. ಅದರಲ್ಲಿ ಎಷ್ಟು ಅಲೆಯಾಗಿ ಆಕಾಶಕ್ಕೆ ಹರಡುವುದು, ಎಷ್ಟು ಆಂಟೆನಾದ ತಂತಿಯಲ್ಲಿಯೇ ಶಾಖವಾಗಿ ವ್ಯರ್ಥವಾಗುವುದು ಎಂಬುದು ಸಣ್ಣ ಪ್ರಶ್ನೆಯಲ್ಲ.

ಅಧಿಕ ಆವರ್ತನದ ವಿದ್ಯುತ್ತು ತಂತಿಯ ಒಡಲನ್ನೆಲ್ಲ ವ್ಯಾಪಿಸದೆ ಹೊರಮೈಯನ್ನೇ ಹಿಡಿದು ಹರಿಯುತ್ತದೆ. 7 ಮೆಗಾಹರ್ಟ್ಸ್ ಆವರ್ತನದಲ್ಲಿ ತಾಮ್ರದೊಳಗೆ ಅದು ಇಳಿಯುವ ಆಳ ಮಿಲಿಮೀಟರಿನ ನಲವತ್ತರಲ್ಲಿ ಒಂದು ಪಾಲು ಮಾತ್ರ! ಆದುದರಿಂದಲೇ ಉಕ್ಕಿನ ತಂತಿಗೆ ತಕ್ಕಷ್ಟು ದಪ್ಪದ ತಾಮ್ರದ ಹೊದಿಕೆಯಿದ್ದರೆ ಸಾಕು. ಬಿಗಿತವನ್ನು ಉಕ್ಕು ತಾಳುತ್ತದೆ, ವಿದ್ಯುತ್ತನ್ನು ತಾಮ್ರ ಒಯ್ಯುತ್ತದೆ.

ಈ ಆವರ್ತನಕ್ಕೆ ಬೇಕಾದ ಅರ್ಧ ತರಂಗದ ಆಂಟೆನಾ ಸುಮಾರು 20 ಮೀಟರ್ ಉದ್ದವಿರುತ್ತದೆ. ಅಲೆಗಳನ್ನು ಹೊರಸೂಸುವ ಕೆಲಸಕ್ಕೆ ಸಲ್ಲುವ ವಿಕಿರಣ ರೋಧ ಅದರಲ್ಲಿ ಸುಮಾರು 73 ಓಮ್. 2 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಾದರೆ ನಷ್ಟಕ್ಕೆ ಕಾರಣವಾಗುವ ರೋಧ ಒಂದು ಓಮಿನ ಆಸುಪಾಸು. 100 ವಾಟುಗಳಲ್ಲಿ ಕಳೆದುಹೋಗುವುದು ಒಂದೂವರೆ ವಾಟು! ಅಲ್ಯೂಮಿನಿಯಮ್ಮಿನ ತಂತಿ ಕಟ್ಟಿದರೂ ಕೇಳುವವನ ಕಿವಿಗೆ ವ್ಯತ್ಯಾಸ ತಿಳಿಯದು. ಬರಿಯ ಕಬ್ಬಿಣದ ಮಾತು ಬೇರೆ. ಅದರ ರೋಧವೇ ಹೆಚ್ಚು. ಮೇಲಾಗಿ ಅದರ ಕಾಂತಗುಣವು ವಿದ್ಯುತ್ತನ್ನು ಇನ್ನೂ ತೆಳುವಾದ ಪದರಕ್ಕೆ ಒತ್ತರಿಸುತ್ತದೆ. ನಷ್ಟ ಹಲವು ಪಟ್ಟಾಗುತ್ತದೆ.

ಸ್ಥಳವಿಲ್ಲದವರು ಕಟ್ಟುವ ಚಿಕ್ಕ ಬಳೆಯಾಕಾರದ ಆಂಟೆನಾದಲ್ಲಿ ವಿಕಿರಣ ರೋಧ ಒಂದು ಓಮಿಗಿಂತಲೂ ಬಹಳ ಕಡಿಮೆ. ಅಲ್ಲಿ ತೆಳುವಾದ ತಾಮ್ರದ ತಂತಿಯೂ ಸಾಲದು, ದಪ್ಪನೆಯ ತಾಮ್ರದ ಕೊಳವೆಯೇ ಬೇಕು. ಕೊಳವೆಯ ಒಳಗು ಟೊಳ್ಳಾಗಿದ್ದರೂ ಬಾಧಕವಿಲ್ಲ. ವಿದ್ಯುತ್ತು ಅಲ್ಲಿಗೆ ಇಳಿಯುವುದೇ ಇಲ್ಲ.